ಆನರ್ಸ್ ಸೀಟು, ಹಾಸ್ಟೆಲ್ ಕೋಣೆ: ಎರಡನ್ನೂ ಒಂದೇ ಹಾಳೆಯಲ್ಲಿ ಲೆಕ್ಕ ಹಾಕುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ನಮ್ಮ ಕಾಲೇಜಿನ ಪ್ರವೇಶ ಕೊಠಡಿಯ ಮುಂದೆ ಸಾಲು ಶುರುವಾಗುತ್ತದೆ. ಅಲ್ಲಿ ಮಕ್ಕಳು 'ಆನರ್ಸ್ ಇದೆಯಾ ಸರ್' ಎಂದು ಕೇಳುತ್ತಾರೆ. ಅವರ ಹಿಂದೆ ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ನಿಂತ ಅಪ್ಪಂದಿರು 'ಹಾಸ್ಟೆಲ್ ಸಿಗುತ್ತದಾ' ಎಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ವಿಭಾಗದ ಮುಖ್ಯಸ್ಥರು, ಎರಡನೆಯದಕ್ಕೆ ವಾರ್ಡನ್ ಬೇರೆ ಬೇರೆ ಮೇಜಿನ ಮೇಲೆ ಉತ್ತರ ಕೊಡುತ್ತಾರೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ ಆರು ವರ್ಷ ಹಾಸ್ಟೆಲಿನ ಹೊಣೆಯನ್ನೂ ಹೊತ್ತಿದ್ದ ನನಗೆ ಕಂಡದ್ದು ಇಷ್ಟು: ನಡುದಾರಿಯಲ್ಲಿ ಕೋರ್ಸು ಬಿಟ್ಟವರಲ್ಲಿ ಹೆಚ್ಚಿನವರು ಪಾಠ ಕಷ್ಟವಾಗಿ ಬಿಟ್ಟವರಲ್ಲ, ಉಳಿದುಕೊಳ್ಳುವ ಲೆಕ್ಕ ತಪ್ಪಿ ಬಿಟ್ಟವರು. ಆದ್ದರಿಂದ ಈ ಎರಡು ಪ್ರಶ್ನೆಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಂಡು, ಕೊನೆಯ ವರ್ಷದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಆನರ್ಸ್ ಎಂದರೆ ಈಗ ಏನು

ಈ ಪದದ ಬಗ್ಗೆ ನಮ್ಮ ರಾಜ್ಯದಲ್ಲಿ ಗೊಂದಲವಿರುವುದಕ್ಕೆ ಕಾರಣವಿದೆ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಆರಂಭಿಸಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟ ಮೇಲೆ, 2024ರ ಮೇ ತಿಂಗಳಿನಲ್ಲಿ ಸರ್ಕಾರ ಆದೇಶ ಹೊರಡಿಸಿ, 2024-25ರಿಂದ ಮೂರು ವರ್ಷದ ಪದವಿಗೇ ಮರಳಿತು. ನಡುವಿನ ಮೂರು ತಂಡದವರಿಗೆ ನಾಲ್ಕನೆಯ ವರ್ಷದ ಅವಕಾಶವಿತ್ತು. ಈಗ ಸೇರುವವರು ಅಣ್ಣನೋ ಅಕ್ಕನೋ ಓದಿದ ನಿಯಮವೇ ತಮಗೂ ಅನ್ವಯಿಸುತ್ತದೆ ಎಂದುಕೊಂಡು ಬಂದರೆ ಮೊದಲ ದಿನವೇ ನಿರಾಸೆಯಾಗುತ್ತದೆ.

ಆದರೂ ನಾಲ್ಕು ವರ್ಷದ ಪದವಿ ದೇಶದಿಂದ ಹೋಗಿಲ್ಲ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಅದು ನಡೆಯುತ್ತಿದೆ. ದೆಹಲಿ ವಿಶ್ವವಿದ್ಯಾಲಯ 2022-23ರಿಂದ ಅದನ್ನು ಅಳವಡಿಸಿಕೊಂಡಿದೆ. ನಾವು ಕೈಬಿಟ್ಟ 2024ರಲ್ಲಿಯೇ ಕೇರಳ ಅದನ್ನು ಕೈಗೆತ್ತಿಕೊಂಡಿತು ಎಂಬುದು ಒಂದು ವಿಚಿತ್ರ. ಹಾಗಾಗಿ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಓದುವ ಕನ್ನಡದ ಹುಡುಗನಿಗೆ ನಾಲ್ಕನೆಯ ವರ್ಷದ ದಾರಿಯಿದೆ, ಗಡಿಯ ಈಚೆ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಹೊಸದಾಗಿ ಸೇರುವ ಅವನ ಸೋದರತ್ತೆಯ ಮಗನಿಗೆ ಇಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) 2022ರ ಡಿಸೆಂಬರ್ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ 120 ಕ್ರೆಡಿಟ್ (ಓದಿನ ಹೊರೆಯನ್ನು ಅಳೆಯುವ ಮಾನ) ಗಳಿಸಿದವರಿಗೆ ಪದವಿ, ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಗಳಿಸಿದವರಿಗೆ ಆನರ್ಸ್ ಪದವಿ. ಇದರೊಳಗೂ ಎರಡು ಬಗೆಯಿದೆ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆದು 'ಸಂಶೋಧನೆ ಸಹಿತ ಆನರ್ಸ್' ಪಡೆಯಬಹುದು. ಉಳಿದವರು ಅದರ ಬದಲಿಗೆ ಅಷ್ಟೇ ಕ್ರೆಡಿಟ್‌ನ ಮೂರು ಪತ್ರಿಕೆಗಳನ್ನು ಓದಿ ಬರಿಯ ಆನರ್ಸ್ ಪಡೆಯುತ್ತಾರೆ. ಪರಿಚಯ ಪುಸ್ತಿಕೆಗಳಲ್ಲಿ ಈ ವ್ಯತ್ಯಾಸವನ್ನು ದಪ್ಪಕ್ಷರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ಪ್ರವೇಶದ ದಿನ ನೀವು ಕೇಳಬೇಕಾದ ಪ್ರಶ್ನೆ 'ಆನರ್ಸ್ ಇದೆಯಾ' ಎಂಬುದಲ್ಲ. ನಿಮ್ಮ ವಿಷಯದಲ್ಲಿ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಬಲ್ಲ ಪಿಎಚ್.ಡಿ. ಪಡೆದ ಖಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ, ಈಗಾಗಲೇ ನಾಲ್ಕನೆಯ ವರ್ಷ ಮುಗಿಸಿದ ತಂಡವಿದೆಯೇ, ಇದ್ದರೆ ಮೂರನೆಯ ವರ್ಷದಿಂದ ನಾಲ್ಕಕ್ಕೆ ಎಷ್ಟು ಮಂದಿ ಉಳಿದರು ಎಂದು ಕೇಳಿ. ಈ ಮೂರನೆಯ ಪ್ರಶ್ನೆಗೆ ಮೇಜಿನ ಆಚೆಯವರು ತಡವರಿಸಿದರೆ ಆ ತಡವರಿಕೆಯನ್ನೂ ಉತ್ತರವೆಂದೇ ಬರೆದುಕೊಳ್ಳಿ.

ಎಂಜಿನಿಯರಿಂಗ್‌ಗೆ ಸೇರುವವರು ಈ ಚರ್ಚೆಯನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಅಲ್ಲಿ ಆನರ್ಸ್ ಎಂದರೆ ಅದೇ ನಾಲ್ಕು ವರ್ಷದೊಳಗೆ, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎ.ಐ.ಸಿ.ಟಿ.ಇ. ಹೇಳಿದಂತೆ, 18ರಿಂದ 20 ಹೆಚ್ಚುವರಿ ಕ್ರೆಡಿಟ್ ಗಳಿಸುವುದು. ಆ ತೀರ್ಮಾನವನ್ನು ಮೊದಲ ಒಂದೆರಡು ಸೆಮಿಸ್ಟರ್‌ಗಳ ಫಲಿತಾಂಶ ನೋಡಿಕೊಂಡು ಆಮೇಲೆ ಮಾಡಬಹುದು.

ನಾಲ್ಕನೆಯ ವರ್ಷ ಯಾರಿಗೆ ಬೇಕು

ಇಲ್ಲಿ ಒಂದು ಸಣ್ಣ ಗಣಿತವಿದೆ, ಅದನ್ನು ಬಹಳಷ್ಟು ಮನೆಗಳಲ್ಲಿ ಯಾರೂ ಮಾಡುವುದಿಲ್ಲ. ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಸ್ನಾತಕೋತ್ತರ ಪದವಿ ಒಂದೇ ವರ್ಷ ಸಾಕೆಂದು ಯು.ಜಿ.ಸಿ. ಹೇಳುತ್ತದೆ. ಅಂದರೆ ಎಂ.ಎ., ಎಂ.ಎಸ್ಸಿ. ಮಾಡಬೇಕೆಂದಿರುವವರಿಗೆ ಮೂರು ಕೂಡಿಸು ಎರಡು ಎಂದರೂ ಐದು, ನಾಲ್ಕು ಕೂಡಿಸು ಒಂದು ಎಂದರೂ ಐದು. ಅವರಿಗೆ ನಾಲ್ಕನೆಯ ವರ್ಷ ಹೆಚ್ಚುವರಿಯಲ್ಲ. ವ್ಯತ್ಯಾಸವಿರುವುದು ಆ ವರ್ಷವನ್ನು ಎಲ್ಲಿ, ಯಾವ ದರದಲ್ಲಿ ಕಳೆಯುತ್ತೀರಿ ಎಂಬುದರಲ್ಲಿ. ಮೂರು ವರ್ಷದ ಪದವಿ ಮುಗಿಸಿದವನು ಮಾನಸಗಂಗೋತ್ರಿಗೋ ಧಾರವಾಡಕ್ಕೋ ಹೋಗಿ ಸರ್ಕಾರಿ ಶುಲ್ಕ ಕಟ್ಟಿ ಅಲ್ಲಿನ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎ.ಯ ಮೊದಲ ವರ್ಷ ಓದುವಾಗ, ಖಾಸಗಿ ವಿಶ್ವವಿದ್ಯಾಲಯದ ಆನರ್ಸ್ ವಿದ್ಯಾರ್ಥಿ ಹಳೆಯ ಜಾಗದಲ್ಲಿಯೇ ಹಳೆಯ ಶುಲ್ಕ ಮತ್ತು ಹಳೆಯ ಬಾಡಿಗೆ ಕಟ್ಟುತ್ತಿರುತ್ತಾನೆ. ಜೊತೆಗೆ, ಒಂದು ವರ್ಷದ ಎಂ.ಎ. ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ ನಿಜವಾಗಿ ಶುರುವಾಗಿದೆಯೇ ಎಂದು ವಿಚಾರಿಸದೆ ಈ ಲೆಕ್ಕವನ್ನು ನಂಬಬೇಡಿ. ಇಲ್ಲದಿದ್ದರೆ ನಿಮ್ಮದು ನಾಲ್ಕು ಕೂಡಿಸು ಎರಡಾಗುತ್ತದೆ.

ಸಂಶೋಧನೆಯೇ ಗುರಿಯಾದವರ ಮಾತು ಬೇರೆ. 2022ರ ನವೆಂಬರಿನ ಪಿಎಚ್.ಡಿ. ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು, ಮೀಸಲಾತಿಯವರಿಗೆ ಶೇ. 5 ರಿಯಾಯಿತಿ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಟ್ಟವರಿಗೂ, ಅಲ್ಲಿ ಹಲವೆಡೆ 16 ವರ್ಷದ ಓದನ್ನು ನಿರೀಕ್ಷಿಸುವುದರಿಂದ, ನಾಲ್ಕನೆಯ ವರ್ಷ ಪ್ರಯೋಜನಕ್ಕೆ ಬರುತ್ತದೆ. ಆದರೆ ಕೆ.ಎ.ಎಸ್., ಐ.ಎ.ಎಸ್., ಬ್ಯಾಂಕ್ ಪರೀಕ್ಷೆ, ಬಿ.ಎಡ್. ಇವುಗಳಲ್ಲಿ ಒಂದಕ್ಕೆ ಮನಸ್ಸು ಮಾಡಿರುವವರಿಗೆ ಮೂರು ವರ್ಷದ ಪದವಿ ಸಾಕು. ಅಂಥವರು ಆನರ್ಸ್ ಎಂಬ ಹೆಸರಿಗೆ ಮರುಳಾಗಿ ಇನ್ನೊಂದು ವರ್ಷದ ಬಾಡಿಗೆ ತೆರುವುದು ನನಗೆ ಸರಿ ಕಾಣುವುದಿಲ್ಲ.

ಹಾಳೆಯ ಮೇಲಿನ ಲೆಕ್ಕ

ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು ವರ್ಷಕ್ಕೊಂದು ಮನೆ ಮಾಡಿ. ಮೊದಲು ತುಂಬಬೇಕಾದದ್ದು ನಾಲ್ಕನೆಯ ವರ್ಷದ ಮನೆಯನ್ನು. ಉದಾಹರಣೆಗೆ, ಬೆಂಗಳೂರಿನಲ್ಲಿ ಡಬಲ್ ಶೇರಿಂಗ್ ಪಿಜಿಗೆ, ಅಂದರೆ ಇಬ್ಬರು ಒಂದು ಕೋಣೆ ಹಂಚಿಕೊಳ್ಳುವ, ಊಟ ಸಹಿತ ಖಾಸಗಿ ವಸತಿಗೆ, ತಿಂಗಳಿಗೆ 8,500 ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಲೇಜು ನಡೆಯುವುದು ಹತ್ತು ತಿಂಗಳಾದರೂ ಪಿಜಿಯವರು ರಜೆಯಲ್ಲಿ ಕೋಣೆಯನ್ನು ಸುಮ್ಮನೆ ಕಾಯ್ದಿರಿಸುವುದಿಲ್ಲವಾದ್ದರಿಂದ ಹನ್ನೆರಡು ತಿಂಗಳಿಗೇ ಗುಣಿಸಬೇಕು: 1,02,000. ಕೈಖರ್ಚು, ಮೊಬೈಲು, ಊರಿಗೆ ಹೋಗಿ ಬರುವುದು ತಿಂಗಳಿಗೆ 2,500ರಂತೆ 30,000. ಶುಲ್ಕ 90,000 ಎಂದರೆ ಆ ಒಂದು ವರ್ಷಕ್ಕೇ 2,22,000 ರೂಪಾಯಿ. ಈಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ವರ್ಷದ ನಂತರ ತಂಗಿಯೂ ಪಿಯುಸಿ ಮುಗಿಸಿರುತ್ತಾಳೆಂಬುದನ್ನು ನೆನಪಿಸಿ, ಆ ಮೊತ್ತ ಎಲ್ಲಿಂದ ಬರುತ್ತದೆ ಎಂದು ಕೇಳಿ. ಮೊದಲ ವರ್ಷದ ಹಣ ಎಲ್ಲರ ಬಳಿಯೂ ಇರುತ್ತದೆ. ಅಡಿಕೆಯೋ ಕೊಬ್ಬರಿಯೋ ಮಾರಿ ಬಂದದ್ದು ಮನೆಯಲ್ಲೇ ಇರುತ್ತದೆ. ಪ್ರಶ್ನೆ ನಾಲ್ಕನೆಯ ವರ್ಷದ್ದು.

ವಸತಿಯ ಮಟ್ಟಿಗೆ ಈ ಹಾಳೆಯ ಮೇಲೆ ಬರೆಯಬೇಕಾದ ಇನ್ನೊಂದು ಸಂಗತಿ, ಹಾಸ್ಟೆಲ್ ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದು. ಹಲವು ಕಡೆ ಹೊಸಬರಿಗೆ ಆದ್ಯತೆ ಕೊಟ್ಟು ಎರಡನೆಯ ವರ್ಷದಲ್ಲಿ ಹೊರಗೆ ಕಳಿಸುತ್ತಾರೆ, ಅಥವಾ ಪ್ರತಿ ವರ್ಷ ಅಂಕ ನೋಡಿ ಹೊಸದಾಗಿ ಕೊಡುತ್ತಾರೆ. ಪುಸ್ತಿಕೆಯಲ್ಲಿ 'ಹಾಸ್ಟೆಲ್ ಸೌಲಭ್ಯವಿದೆ' ಎಂದಿರುವುದಕ್ಕೂ, ನಿಮಗೆ ನಾಲ್ಕು ವರ್ಷವೂ ಸಿಗುತ್ತದೆ ಎಂಬುದಕ್ಕೂ ಬಹಳ ದೂರವಿದೆ. ದೆಹಲಿಗೆ ಹೊರಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಕಾಲೇಜು ಹಾಸ್ಟೆಲ್ ಸೀಟುಗಳು ಕಡಿಮೆ, ಹೆಚ್ಚಿನವರು ವಿಜಯ್ ನಗರ, ಕಮಲಾ ನಗರ, ಸತ್ಯ ನಿಕೇತನಗಳ ಪಿಜಿಗಳಲ್ಲಿರುತ್ತಾರೆ. ಊರು ಹೊಸದಾದವರು ಆರ್.ಕೆ. ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘದಲ್ಲಿ ಒಮ್ಮೆ ವಿಚಾರಿಸಿದರೆ, ಕನ್ನಡದಲ್ಲಿ ನಾಲ್ಕು ಮಾತು ಕೇಳಿದ ಸಮಾಧಾನವಾದರೂ ಸಿಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಕೆಲವೆಡೆ ಪದವಿ ಮತ್ತು ವಸತಿ ಒಟ್ಟಿಗೇ ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಸಂಶೋಧನಾ ಪದವಿಯಲ್ಲಿ ವಿದ್ಯಾರ್ಥಿಗಳು ಆವರಣದ ಹಾಸ್ಟೆಲಿನಲ್ಲಿಯೇ ಇರುತ್ತಾರೆ. ಸರ್ಜಾಪುರದ ಬಳಿಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಆನರ್ಸ್ ಪದವಿಯೂ ವಸತಿ ಸಹಿತವಾದದ್ದು, ಅಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ಸಹಾಯ ಕೊಡುತ್ತಾರೆ. ಇಂಥಲ್ಲಿ ಸೀಟು ಸಿಕ್ಕವರ ಹಾಳೆ ಸರಳ. ನಾನು ಬರೆಯುತ್ತಿರುವುದು ಉಳಿದವರಿಗೆ.

ಸರ್ಕಾರಿ ಹಾಸ್ಟೆಲ್, ಮಠ, ಬಸ್ಸು

ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿಗೆ, ನಮ್ಮ ಕಡೆ ಎಲ್ಲರೂ ಬಿಸಿಎಂ ಹಾಸ್ಟೆಲ್ ಎನ್ನುವವಕ್ಕೆ, ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ ಜೀವಂತವಿರಬೇಕು. ಫಲಿತಾಂಶ ಬಂದ ಮೇಲೆ ನಾಡಕಚೇರಿಗೆ ಓಡಿದರೆ ಸಾಲಿನಲ್ಲಿ ನಿಂತೇ ಕೊನೆಯ ದಿನ ಕಳೆದುಹೋಗುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಊಟ ಮತ್ತು ವಸತಿ ಸಹಾಯಧನವಿದೆ. ಬೆಂಗಳೂರಿನ ಪಿಜಿಗೆ ಅದು ಯಾವ ಮೂಲೆಗೂ ಸಾಲದು, ಆದರೆ ಜಿಲ್ಲಾ ಕೇಂದ್ರದಲ್ಲಿ ನಾಲ್ವರು ಸೇರಿ ಬಾಡಿಗೆಗೆ ಹಿಡಿದ ಕೋಣೆಯ ಪಾಲನ್ನು ಬಹುಮಟ್ಟಿಗೆ ತೀರಿಸುತ್ತದೆ. ಮಠಗಳ ಮತ್ತು ಸಮುದಾಯ ಸಂಘಗಳ ವಿದ್ಯಾರ್ಥಿ ನಿಲಯಗಳನ್ನೂ ಮರೆಯಬೇಡಿ. ನನ್ನ ತಂದೆಯವರು ಮೈಸೂರಿನಲ್ಲಿ ವಾರಾನ್ನದಲ್ಲಿ ಓದಿದವರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಪದ್ಧತಿ ಹೋದ ಮೇಲೆ ಅದರ ಭಾರವನ್ನು ಹೊತ್ತದ್ದು ಇಂಥ ನಿಲಯಗಳೇ.

ಮನೆಯಿಂದಲೇ ಓಡಾಡುವುದು ಈಗ ಹೆಣ್ಣುಮಕ್ಕಳಿಗೆ ಬಹಳ ಅಗ್ಗದ ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ. ಆದರೆ ಟಿಕೆಟ್ ಇಲ್ಲ ಎಂದಮಾತ್ರಕ್ಕೆ ಬೆಲೆ ಇಲ್ಲ ಎಂದಲ್ಲ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದರೆ ವರ್ಷದ 180 ಪಾಠದ ದಿನಗಳಿಗೆ 720 ಗಂಟೆ ಬಸ್ಸಿನಲ್ಲಿ ಕಳೆಯುತ್ತದೆ. ಒಂದು ಕ್ರೆಡಿಟ್ ಎಂದರೆ ತರಗತಿಯಲ್ಲಿ 15 ಗಂಟೆಯ ಪಾಠ; ವರ್ಷಕ್ಕೆ 40 ಕ್ರೆಡಿಟ್ ಎಂದರೆ, ಪ್ರಯೋಗಾಲಯವನ್ನು ಬಿಟ್ಟು, 600 ಗಂಟೆ. ಪಾಠ ಕೇಳುವುದಕ್ಕಿಂತ ಹೆಚ್ಚು ಹೊತ್ತು ಕಂಬಿ ಹಿಡಿದು ನಿಂತಂತಾಯಿತು. ಮೂರು ವರ್ಷದ ಬಿ.ಎ.ಗೆ ಇದನ್ನು ಸಹಿಸಿ ಚೆನ್ನಾಗಿ ಪಾಸಾದವರನ್ನು ಎಷ್ಟೋ ಮಂದಿ ನೋಡಿದ್ದೇನೆ. ಸಂಶೋಧನಾ ಪ್ರಬಂಧದ ವರ್ಷಕ್ಕೆ ಮಾತ್ರ ಇದು ಹೊಂದುವುದಿಲ್ಲ, ಏಕೆಂದರೆ ಆ ವರ್ಷದ ಕೆಲಸವೆಲ್ಲ ತರಗತಿ ಮುಗಿದ ಮೇಲೆ ಶುರುವಾಗುತ್ತದೆ.

ಹಾಸ್ಟೆಲಿನ ಗಡಿಯಾರವನ್ನೂ ಇದೇ ಕಾರಣಕ್ಕೆ ವಿಚಾರಿಸಬೇಕು. ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ನಮ್ಮಲ್ಲಿದ್ದಳು. ಸಂಜೆ ಆರಾದರೆ ಬ್ಯೂರೆಟ್ಟಿನಲ್ಲಿ ಅರ್ಧ ಉಳಿದ ದ್ರಾವಣವನ್ನು ಹಾಗೇ ಚೆಲ್ಲಿ, ಏಪ್ರನ್ನು ಚೀಲಕ್ಕೆ ತುರುಕಿ ಓಡುತ್ತಿದ್ದಳು, ಆರೂವರೆಗೆ ಹಾಜರಿ ಪುಸ್ತಕ ಮುಚ್ಚುತ್ತದೆಂದು. ಗಂಡುಮಕ್ಕಳ ಹಾಸ್ಟೆಲಿನ ಬಾಗಿಲು ಒಂಬತ್ತರವರೆಗೆ ತೆರೆದೇ ಇರುತ್ತಿತ್ತು. ಆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದವನು ನಾನೇ ಆದ್ದರಿಂದ ಇದನ್ನು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಗ್ರಂಥಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಹಾಸ್ಟೆಲ್ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಮಾರ್ಗದರ್ಶಕರ ಪತ್ರ ತಂದರೆ ತಡವಾಗಿ ಬರಲು ಬಿಡುತ್ತಾರೆಯೇ ಎಂಬ ಮೂರನ್ನೂ ಒಂದರ ಪಕ್ಕ ಒಂದು ಬರೆದು ನೋಡಿ.

ಪಿಜಿ ನೋಡುವ ಕ್ರಮ

ಪಿಜಿಯನ್ನು ಭಾನುವಾರ ಮಧ್ಯಾಹ್ನ ನೋಡಲು ಹೋಗಬೇಡಿ. ಆಗ ಎಲ್ಲ ಪಿಜಿಗಳೂ ಚೆನ್ನಾಗಿಯೇ ಇರುತ್ತವೆ. ವಾರದ ದಿನ ಬೆಳಿಗ್ಗೆ ಏಳೂವರೆಗೆ ಹೋಗಿ. ಬಚ್ಚಲಿನ ಮುಂದೆ ಎಷ್ಟು ಬಕೆಟ್ ಸಾಲಾಗಿವೆ ಎಂದು ಎಣಿಸಿ, ಕೊಳಾಯಿ ತಿರುಗಿಸಿ ಮೇಲಿನ ಮಹಡಿಯಲ್ಲಿ ನೀರು ಬರುತ್ತದೆಯೇ ನೋಡಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ ಕೇಳಿ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದಾಗ ಮೊದಲು ಪರದಾಡಿದವರಲ್ಲಿ ಪಿಜಿಯವರೂ ಇದ್ದರು. ಗೋಡೆಗೆ ಅಂಟಿಸಿದ ಊಟದ ಪಟ್ಟಿಯನ್ನು ಓದುವುದಕ್ಕಿಂತ ಒಂದು ರಾತ್ರಿ ದುಡ್ಡು ಕೊಟ್ಟು ಅಲ್ಲಿಯೇ ಊಟ ಮಾಡುವುದು ವಾಸಿ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ವಾರಕ್ಕೆ ಆರು ರಾತ್ರಿ ಅನ್ನ ಮತ್ತು ನೀರು ಸಾಂಬಾರು ಒಗ್ಗದಿದ್ದರೆ, ಹೋಟೆಲಿನ ಖರ್ಚನ್ನೂ ಹಾಳೆಯ ಮೇಲೆ ಸೇರಿಸಬೇಕಾಗುತ್ತದೆ. ಅಲ್ಲಿರುವ ಹುಡುಗರನ್ನು, ಮಾಲೀಕರು ಪಕ್ಕದಲ್ಲಿಲ್ಲದಾಗ, ಮುಂಗಡ ವಾಪಸ್ ಬಂದವರು ಯಾರಾದರೂ ಗೊತ್ತೇ ಎಂದು ಕೇಳಿ. ನನ್ನ ಅಕ್ಕನ ಮಗ ಈ ಪ್ರಶ್ನೆ ಕೇಳದೆ ಸೇರಿದ. ಬಿಡುವಾಗ ಬಣ್ಣ ಬಳಿಯುವ ಖರ್ಚು, ನೋಟಿಸು ಕೊಡದ ತಪ್ಪು ಎಂದೆಲ್ಲ ಕಳೆದು ಅವನ ಕೈಗೆ ಬಂದದ್ದು ಕೊಟ್ಟದ್ದರ ಕಾಲುಭಾಗ. ರಸೀದಿ ಇರಲಿಲ್ಲವಾದ್ದರಿಂದ ವಾದಿಸುವುದಕ್ಕೂ ಏನೂ ಉಳಿದಿರಲಿಲ್ಲ.

ಬೆಂಗಳೂರಿನ ಪಿಜಿಗಳಿಗೆ ಮಹಾನಗರ ಪಾಲಿಕೆ 2024ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತ್ತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಪ್ರವೇಶದ್ವಾರದಲ್ಲಿ ಸಿಸಿಟಿವಿ, ಕಾವಲುಗಾರ, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಕೋಣೆಯಲ್ಲಿ ಮೂರು ಮಂಚ ಹಾಕಿದ್ದರೆ 70 ಅಡಿಯ ಮಾತನ್ನು ನೀವೇ ಅಳೆದು ತೀರ್ಮಾನಿಸಬಹುದು. ಬಾಡಿಗೆಯ ಮೇಲೆ ಜಿ.ಎಸ್.ಟಿ. ಎಂದು ಸೇರಿಸಿ ಕೇಳಿದರೆ, 2024ರ ಜುಲೈಯಿಂದ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸ್ತವ್ಯಕ್ಕೆ ಆ ತೆರಿಗೆ ಇಲ್ಲವೆಂದು ತಿಳಿಸಿ.

ಗೆಳೆಯರು ಸೇರಿ ಮನೆ ಹಿಡಿಯುವುದು ಅಗ್ಗ, ಊಟವೂ ನಿಮ್ಮ ಕೈಯಲ್ಲೇ ಇರುತ್ತದೆ; ಆದರೆ ಮೊದಲ ವರ್ಷಕ್ಕೆ ಅದು ಬೇಡವೆನ್ನುವವನು ನಾನು. ಯಾರು ಪಾತ್ರೆ ತೊಳೆಯುತ್ತಾರೆ, ಯಾರು ಬಾಡಿಗೆ ತಡ ಮಾಡುತ್ತಾರೆ ಎಂಬುದು ಗೊತ್ತಾದ ಮೇಲೆ, ಎರಡನೆಯ ವರ್ಷದಲ್ಲಿ ಆ ಜೊತೆ ಕಟ್ಟಿಕೊಳ್ಳಿ.

ಹಣ ಕಟ್ಟುವ ಮುನ್ನ

ಸೀಟಿಗೂ ಕೋಣೆಗೂ ಒಂದೇ ದಿನ ಪೂರ್ತಿ ಹಣ ಕಟ್ಟಬೇಡಿ. ಮೊದಲು ಸೀಟು ಖಚಿತವಾಗಲಿ. ಪಿಜಿಗೆ ಒಂದು ತಿಂಗಳ ಬಾಡಿಗೆ ಮಾತ್ರ ಕೊಟ್ಟು ಸೇರಿಕೊಳ್ಳಿ, ವರ್ಷದ ಹಣ ಒಟ್ಟಿಗೆ ಕೊಟ್ಟರೆ ರಿಯಾಯಿತಿ ಎಂಬ ಮಾತಿಗೆ ಒಪ್ಪಬೇಡಿ. ಕಾಲೇಜಿನ ಶುಲ್ಕದ ಮಟ್ಟಿಗೆ ಯು.ಜಿ.ಸಿ.ಯ 2018ರ ಅಧಿಸೂಚನೆ ನಿಮ್ಮ ಪರವಾಗಿದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಸೀಟು ಬಿಟ್ಟರೆ, ಹೆಚ್ಚೆಂದರೆ 5,000 ರೂಪಾಯಿಯ ಕಚೇರಿ ವೆಚ್ಚ ಕಳೆದು, ಪೂರ್ಣ ಶುಲ್ಕ ವಾಪಸ್, 15 ದಿನಕ್ಕಿಂತ ಕಡಿಮೆ ಇದ್ದಾಗ ಶೇ. 90, ಕೊನೆಯ ದಿನ ಕಳೆದ 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಆಯಾ ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆ ಬರುವುದೂ ಉಂಟು, 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಹಣ ಮರಳಿಸಬೇಕೆಂದಿತ್ತು. ಆದ್ದರಿಂದ ಹೊಸ ಸುತ್ತೋಲೆಯನ್ನು ನೋಡಿಕೊಳ್ಳಿ. ಮೂಲ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರಗಳನ್ನು ತಾಳೆ ನೋಡಿದ ಮೇಲೆ ವಿದ್ಯಾರ್ಥಿಗೆ ಹಿಂದಿರುಗಿಸಬೇಕೆಂದೂ, ಇಟ್ಟುಕೊಂಡು ಸತಾಯಿಸಬಾರದೆಂದೂ ಅದೇ ಅಧಿಸೂಚನೆ ಹೇಳುತ್ತದೆ. ಕೌಂಟರಿನವರು 'ನಾಳೆ ಬನ್ನಿ' ಎಂದರೆ, ಆ ಅಧಿಸೂಚನೆಯ ಒಂದು ಮುದ್ರಿತ ಪ್ರತಿಯನ್ನು ಅಪ್ಪನ ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಡಿ.